ಗೊತ್ತಿಲ್ಲದೆ ನಾನು ಕಟ್ಟಿಸಿದ ಅಣೆಕಟ್ಟು

ನಮ್ಮ ಹಿತ್ತಿಲ ತಡೆಗೋಡೆ ಬಿದ್ದ ಮರುದಿನ ಬೀದಿಯವರೆಲ್ಲ ಬಂದು ನೋಡಿ ಒಂದೇ ಮಾತು ಹೇಳಿ ಹೋದರು: "ಹಳೆಯ ಕಲ್ಲುಗೋಡೆ, ಇನ್ನೆಷ್ಟು ದಿನ ನಿಂತೀತು?" ನಾನೂ ಹೌದೆಂದು ತಲೆಯಾಡಿಸಿದ್ದೆ. ಆ ತಲೆಯಾಡಿಸಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ಈ ಬರಹ. ಗೋಡೆ ಹಳೆಯದಾಗಿ ಬೀಳಲಿಲ್ಲ. ನಾನು ಅದನ್ನು ರಿಪೇರಿ ಮಾಡಿಸಿದ್ದರಿಂದ ಬಿತ್ತು.

ಚಿತ್ರದುರ್ಗದಲ್ಲಿ ಜೋಗಿಮಟ್ಟಿ ರಸ್ತೆಯ ಕಡೆ ಇಳಿಜಾರಿನಲ್ಲಿ ನಮ್ಮ ಮನೆ. ಹಿತ್ತಿಲು ಎರಡು ಮಟ್ಟದ್ದು. ಮೇಲಿನ ಮಟ್ಟದಲ್ಲಿ ಒಂದು ಸೀತಾಫಲದ ಮರ, ಅಮ್ಮನ ಗುಲಾಬಿ ಗಿಡಗಳು. ಕೆಳಗಿನ ಮಟ್ಟದಲ್ಲಿ ಬಟ್ಟೆ ಒಗೆಯುವ ಕಲ್ಲು, ನೀರಿನ ತೊಟ್ಟಿ. ಎರಡರ ನಡುವೆ ಆರಡಿ ಎತ್ತರ, ನಲವತ್ತಡಿ ಉದ್ದದ ಗೋಡೆ. 1981ರಲ್ಲಿ ಅಪ್ಪ ಕಟ್ಟಿಸಿದ್ದು. ಸಿಮೆಂಟ್ ಇಲ್ಲ, ಗಾರೆ ಇಲ್ಲ. ಕಲ್ಲಿನ ಮೇಲೆ ಕಲ್ಲು, ಸಂದಿಗೆ ಚಕ್ಕೆ, ಅಷ್ಟೇ. ಮೂವತ್ತೆಂಟು ವರ್ಷ ಅದರ ಕಡೆ ಯಾರೂ ಕಣ್ಣೆತ್ತಿ ನೋಡಿರಲಿಲ್ಲ. ಸಂದಿಗಳಲ್ಲಿ ಓತಿಕ್ಯಾತಗಳು, ಇರುವೆಗಳು, ಮಳೆಗಾಲ ಬಂದರೆ ಹಸಿರು ಪಾಚಿ.

2019ರಲ್ಲಿ ಒಂದು ಕೇರೆಹಾವು ಆ ಸಂದಿಯೊಳಗೆ ಬಾಲ ಎಳೆದುಕೊಂಡು ಹೋಗುವುದನ್ನು ನೋಡಿದೆ. ಕೇರೆಹಾವು ಯಾರಿಗೂ ಏನೂ ಮಾಡುವುದಿಲ್ಲ ಎಂಬುದು ಗೊತ್ತಿದ್ದರೂ ರಾತ್ರಿ ನಿದ್ದೆ ಬರಲಿಲ್ಲ. ವಾರದೊಳಗೆ ಒಬ್ಬ ಗುತ್ತಿಗೆದಾರರನ್ನು ಕರೆಸಿ ಸಂದಿಗಳನ್ನೆಲ್ಲ ಸಿಮೆಂಟಿನಿಂದ ಮುಚ್ಚಿಸಿದೆ. ಅವರು ಉಮೇದಿನಲ್ಲಿ ಇಡೀ ಗೋಡೆಗೆ ಪ್ಲಾಸ್ಟರ್ ಬಳಿದು, ಅದರ ಮೇಲೆ ಕರಣೆಯ ತುದಿಯಲ್ಲಿ ಗೆರೆ ಎಳೆದು ಕಲ್ಲಿನ ಆಕಾರ ಮೂಡಿಸಿಕೊಟ್ಟರು. ಒಳಗೆ ನಿಜವಾದ ಕಲ್ಲು, ಹೊರಗೆ ಕಲ್ಲಿನ ಚಿತ್ರ. ಬಂದವರೆಲ್ಲ ಚೆನ್ನಾಗಿದೆ ಎಂದರು. ನನಗೂ ಹಾಗೆಯೇ ಕಂಡಿತ್ತು, ಸುಳ್ಳು ಹೇಳುವುದಿಲ್ಲ.

2022 ನೆನಪಿದೆಯಲ್ಲ? ನಮ್ಮ ಜಿಲ್ಲೆಯವರು ಮರೆಯುವ ವರ್ಷವಲ್ಲ ಅದು. 1933ರ ನಂತರ ಮೊದಲ ಬಾರಿಗೆ ವಾಣಿವಿಲಾಸ ಸಾಗರ ಕೋಡಿ ಬಿತ್ತು. ಎಂಬತ್ತೊಂಬತ್ತು ವರ್ಷ ಕಾದ ನೀರನ್ನು ನೋಡಲು ಊರಿಗೆ ಊರೇ ಹಿರಿಯೂರಿನ ಕಡೆ ಹೊರಟಾಗ ನಾವೂ ಬುತ್ತಿ ಕಟ್ಟಿಕೊಂಡು ಹೋಗಿದ್ದೆವು. ವಾಪಸ್ ಬಂದು ಹಿತ್ತಿಲ ಬಾಗಿಲು ತೆಗೆದರೆ ಗೋಡೆ ನಡುವಿನಲ್ಲಿ ಹೊಟ್ಟೆ ಬಿಟ್ಟಿತ್ತು. ಒಂದು ಗೇಣು ಮುಂದಕ್ಕೆ ಉಬ್ಬಿ, ಪ್ಲಾಸ್ಟರ್ ಕೂದಲೆಳೆಯಷ್ಟು ಸೀಳಿತ್ತು. ಸೀಳಿಗೆ ಮತ್ತೊಮ್ಮೆ ಸಿಮೆಂಟ್ ಮೆತ್ತಿಸಿದೆ. ಮೆತ್ತಿದ್ದು ಎರಡು ಮಳೆಗಾಲ ತಡೆಯಿತು. ಆಮೇಲೊಂದು ಚಿತ್ತಾ ಮಳೆಯ ರಾತ್ರಿ, ಲಾರಿಯಿಂದ ಜಲ್ಲಿ ಸುರಿದಂತಹ ಸದ್ದು. ಬೆಳಗ್ಗೆ ನೋಡಿದರೆ ಹನ್ನೆರಡು ಅಡಿ ಉದ್ದದ ಗೋಡೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮಲಗಿತ್ತು. ಹಗಲು ಹೊತ್ತಿನಲ್ಲಿ ಬಿದ್ದಿದ್ದರೆ ಎಂದು ಇವತ್ತಿಗೂ ಯೋಚಿಸಲು ಹೋಗುವುದಿಲ್ಲ.

ದಾವಣಗೆರೆಯಲ್ಲಿರುವ ತಮ್ಮ ಫೋನಿನಲ್ಲೇ ತೀರ್ಪು ಕೊಟ್ಟ: "ಅಕ್ಕಾ, ಆ ಕಲ್ಲನ್ನೆಲ್ಲ ಟ್ರ್ಯಾಕ್ಟರಿಗೆ ಹಾಕಿ ಕಳಿಸು, ಕಾಂಕ್ರೀಟ್ ಗೋಡೆ ಹಾಕಿಸಿಬಿಡು." ಹೆಚ್ಚು ಕಡಿಮೆ ಒಪ್ಪಿದ್ದೆ. ಅಷ್ಟರಲ್ಲಿ ಯಾರೋ ಹೇಳಿ ಕಳಿಸಿದರೆಂದು ಅರವತ್ತೈದು ದಾಟಿದ ಒಬ್ಬ ಕಲ್ಲುಕೆಲಸದ ಮೇಸ್ತ್ರಿ ಬಂದರು. ಬಿದ್ದ ಕಲ್ಲುಗಳ ಕಡೆ ನೋಡಲೇ ಇಲ್ಲ. ನಿಂತಿದ್ದ ಗೋಡೆಯ ಪ್ಲಾಸ್ಟರನ್ನು ಸುತ್ತಿಗೆಯಿಂದ ಒಂದು ಕಡೆ ತಟ್ಟಿ ಒಡೆದರು. ಒಳಗಿನಿಂದ ಕೆಸರು ನೀರು ಇಳಿಯಿತು. ಮಳೆ ನಿಂತು ಹನ್ನೊಂದು ದಿನವಾಗಿತ್ತು.

"ತಾಯಿ, ನೀವು ಮಣ್ಣು ತಡೆಯುವ ಗೋಡೆ ಇಟ್ಟುಕೊಂಡಿಲ್ಲ, ಕೆರೆ ಏರಿ ಇಟ್ಟುಕೊಂಡಿದ್ದೀರಿ" ಎಂದರು.

ಆಮೇಲೆ ನಾನು ಲೆಕ್ಕ ಹಾಕಿದೆ. ಬ್ಯಾಂಕಿನಲ್ಲಿ ಕೆಲಸ ಮಾಡಿದವಳಿಗೆ ಅದೊಂದು ಚಟ. ಗೋಡೆಯ ಹಿಂದೆ ಆರಡಿ ನೀರು ನಿಂತರೆ ಪ್ರತಿ ಮೀಟರ್ ಉದ್ದಕ್ಕೆ ಒಂದೂವರೆ ಟನ್ನಿಗೂ ಹೆಚ್ಚಿನ ಬಲ ಗೋಡೆಯನ್ನು ಮುಂದಕ್ಕೆ ತಳ್ಳುತ್ತದೆ. ಇದು ನೀರಿನದ್ದು ಮಾತ್ರ, ನೆಂದ ಮಣ್ಣಿನ ತಳ್ಳು ಬೇರೆ. ಸಾಲದ್ದಕ್ಕೆ ಗುಲಾಬಿಗೆಂದು ಅಮ್ಮ ತರಿಸಿ ಹಾಕಿದ ಕಪ್ಪು ಎರೆಮಣ್ಣು. ಬೇಸಿಗೆಯಲ್ಲಿ ಅದು ಹೇಗೆ ಬಾಯಿ ಬಿಡುತ್ತದೆ, ನೀರು ಕುಡಿದರೆ ಹೇಗೆ ಉಬ್ಬುತ್ತದೆ ಎಂಬುದನ್ನು ಹೊಲ ಇದ್ದವರಿಗೆ ಹೇಳಬೇಕಿಲ್ಲ. ಅಪ್ಪನ ಗೋಡೆಯಲ್ಲಿ ಪ್ರತಿ ಸಂದಿಯೂ ನೀರಿಗೆ ಬಾಗಿಲಾಗಿತ್ತು. ಒಂದು ಬಡಪಾಯಿ ಕೇರೆಹಾವಿಗೆ ಹೆದರಿ ಅಷ್ಟೂ ಬಾಗಿಲುಗಳಿಗೆ ನಾನೇ ಬೀಗ ಹಾಕಿಸಿದ್ದೆ. 1907ರಲ್ಲಿ ಮುಗಿದ ಮಾರಿಕಣಿವೆಯ ಅಣೆಕಟ್ಟು, ಅಂದರೆ ಅದೇ ವಾಣಿವಿಲಾಸ ಸಾಗರ, ಕೂಡ ಕಲ್ಲಿನದೇ, ಆದರೆ 130 ಅಡಿ ನೀರು ನಿಲ್ಲಿಸಲಿಕ್ಕೆಂದೇ ಲೆಕ್ಕ ಹಾಕಿ ಅಷ್ಟು ದಪ್ಪ ಕಟ್ಟಿದ್ದು. ಕೋಡಿ ನೋಡಿ ಚಪ್ಪಾಳೆ ತಟ್ಟಿ ಬಂದವಳು ನಾನು. ಮನೆಯ ಅಣೆಕಟ್ಟಿಗೆ ಕೋಡಿಯನ್ನೇ ಇಟ್ಟಿರಲಿಲ್ಲ.

ಕೆಲಸ ಒಂಬತ್ತು ದಿನ ನಡೆಯಿತು. ಮೊದಲ ಮೂರು ದಿನ ಬರೀ ಬಿಚ್ಚುವುದು. ಬಿದ್ದದ್ದನ್ನಷ್ಟೇ ಎತ್ತಿ ಕಟ್ಟಿದರೆ ಪಕ್ಕದ್ದು ನಾಳೆ ಬರುತ್ತದೆಂದು, ಹೊಟ್ಟೆ ಬಿಟ್ಟಿದ್ದ ಇನ್ನೂ ಎಂಟು ಅಡಿಯನ್ನು ಮೇಲಿನಿಂದ ಒಂದೊಂದೇ ಕಲ್ಲು ಇಳಿಸಿ ಬಿಚ್ಚಿದರು. ಕೆಳಗಿನಿಂದ ಯಾರೂ ಕೈ ಹಾಕಕೂಡದೆಂದು ಹುಡುಗರಿಗೆ ಗದರಿದ್ದೇ ಗದರಿದ್ದು. ಹಿಂದಿನ ಮಣ್ಣನ್ನು ಇಳಿಜಾರಾಗಿ ಕಡಿದು ತೆಗೆದರು. ಕಲ್ಲುಗಳನ್ನು ಅಂಗಳದ ತುಂಬ ಹರಡಿದರು: ದೊಡ್ಡವು ಒಂದು ಕಡೆ, ಉದ್ದನೆಯವು ಒಂದು ಕಡೆ, ಚಕ್ಕೆ ಗುಡ್ಡೆ ಬೇರೆ. ಒಂದು ಘನ ಅಡಿ ಕಲ್ಲು ಎಪ್ಪತ್ತೈದು ಕಿಲೋ ತೂಗುತ್ತದೆ. ಅಂಥದ್ದನ್ನು ಹಾರೆ ಕೊಟ್ಟು ಉರುಳಿಸುವಾಗ ಇಬ್ಬರ ನಡುವೆ ಮಾತೇ ಇರುತ್ತಿರಲಿಲ್ಲ. ಒಂದು "ಹ್ಞೂಂ" ಅಷ್ಟೇ.

ಕಟ್ಟುವುದನ್ನು ನೋಡುತ್ತ ಕೂರುವುದೇ ನನ್ನ ಕೆಲಸವಾಯಿತು. ಮೇಸ್ತ್ರಿ ಪ್ರತಿ ಕಲ್ಲನ್ನೂ ಸುತ್ತಿಗೆಯಿಂದ ಒಮ್ಮೆ ಮುಟ್ಟುತ್ತಿದ್ದರು. ಠಣ್ ಎಂದರೆ ಗೋಡೆಗೆ, ಮೊದ್ದು ಸದ್ದು ಬಂದರೆ ಒಳಗೆ ಬಿರುಕಿದೆಯೆಂದು ಚಕ್ಕೆ ಗುಡ್ಡೆಗೆ. ಉದ್ದನೆಯ ಒಂದು ಕಲ್ಲು ಚೆನ್ನಾಗಿದೆ, ಮುಖಕ್ಕೆ ಅಡ್ಡ ಹಾಕಿದರೆ ಅಂದ ಎಂದು ನಾನು ಬಾಯಿ ಹಾಕಿದೆ. ಅವರು ಅದರ ತಲೆಯಷ್ಟನ್ನೇ ಹೊರಗೆ ಬಿಟ್ಟು, ಉದ್ದವನ್ನೆಲ್ಲ ಗೋಡೆಯ ಒಳಕ್ಕೆ ತಳ್ಳಿದರು. "ಚೆಂದ ನೋಡುವವರಿಗೆ, ಉದ್ದ ಗೋಡೆಗೆ" ಎಂದು ನಕ್ಕರು. ಹಾಗೆ ಇಡೀ ದಪ್ಪಕ್ಕೆ ಹಾಯುವ ಅಡ್ಡಗಲ್ಲುಗಳು ನಾಲ್ಕೈದು ಅಡಿಗೊಂದರಂತೆ ಬಂದವು. ಕೆಳಗಿನ ಸಾಲಿನ ಸಂದಿಯ ನೇರಕ್ಕೆ ಮೇಲಿನ ಸಾಲಿನ ಸಂದಿ ಬರುವಂತಿಲ್ಲ. ಪಾಯದಲ್ಲಿ ಮೂರು ಅಡಿ ದಪ್ಪ, ತಲೆಯಲ್ಲಿ ಒಂದೂವರೆ. ಮುಖ ಆರಡಿಗೆ ಒಂದು ಅಡಿ ಹಿಂದಕ್ಕೆ ಮಣ್ಣಿನ ಕಡೆ ವಾಲಿತು. ನೆಟ್ಟಗೆ ನಿಂತ ಗೋಡೆಯೇ ಗಟ್ಟಿ ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ.

ನಿಜವಾದ ರಿಪೇರಿ ನಡೆದದ್ದು ಹಿಂದುಗಡೆ. ಗೋಡೆಯ ಬೆನ್ನಿಗೆ ಒಂದು ಅಡಿ ಅಗಲ ಚಕ್ಕೆ ಮತ್ತು ದಪ್ಪ ಜಲ್ಲಿ ತುಂಬಿದರು. ಎರೆಮಣ್ಣನ್ನು ದೂರ ಇಟ್ಟು, ಸಣ್ಣ ಕಲ್ಲು ಬೆರೆತ ಗರಸು ಮಣ್ಣು ಹಾಕಿ, ಗೇಣು ಗೇಣಿಗೆ ಬಡಿದು ದಮ್ಮಸ್ಸು ಮಾಡಿದರು. ಬಿಚ್ಚದೆ ಉಳಿದ ಭಾಗದ ಪ್ಲಾಸ್ಟರ್ ಕೆತ್ತಿ ತೆಗೆದು, ಬುಡದಲ್ಲಿ ಏಳು ಕಡೆ ಪೈಪಿನ ತುಂಡು ಕೂರಿಸಿ ಬಾಯಿಗೆ ಜಾಲರಿ ಕಟ್ಟಿದರು. ಜಾಲರಿ ನನ್ನ ಸಮಾಧಾನಕ್ಕೆ. ಮೇಲಿನ ಸಂದಿಗಳಲ್ಲಿ ಹಾವು ಬಂದರೇನು ಗತಿ ಯಜಮಾನರೇ ಎಂದು ಕೇಳಿದ್ದಕ್ಕೆ, "ಬಂದ ದಾರಿಯಲ್ಲಿ ಹೋಗುತ್ತದೆ ಬಿಡಿ" ಎಂದು ಮಂಡಕ್ಕಿ ಮುಕ್ಕುವುದನ್ನು ಮುಂದುವರಿಸಿದರು.

ಈಗ ನನ್ನ ತಕರಾರಿಗೆ ಬರುತ್ತೇನೆ. ನಾವು ಗೋಡೆ ಕೆಲಸವನ್ನು ಮುಖದ ಚದರ ಅಡಿಯಲ್ಲಿ ಅಳೆದು ದುಡ್ಡು ಕೊಡುತ್ತೇವೆ. ಬೆನ್ನಿಗೆ ಏನು ತುಂಬಿದಿರಿ ಎಂದು ಯಾರೂ ಕೇಳುವುದಿಲ್ಲ, ಹಾಗಾಗಿ ಯಾರೂ ತುಂಬುವುದಿಲ್ಲ. ಇದರಲ್ಲಿ ಗುತ್ತಿಗೆದಾರರನ್ನು ಮಾತ್ರ ಬೈದು ಪ್ರಯೋಜನವಿಲ್ಲ, ಕೊಡುವ ಕೈ ನಮ್ಮದು. ಬಡಾವಣೆಗಳಲ್ಲಿ ಸುತ್ತಾಡಿ ನೋಡಿ, ಹಳೆಯ ಕಲ್ಲುಗೋಡೆಗಳೆಲ್ಲ ಸಿಮೆಂಟಿನ ಅಂಗಿ ತೊಟ್ಟು ನಿಂತಿವೆ, ಒಂದಕ್ಕೂ ನೀರು ಹೋಗಲು ತೂತಿಲ್ಲ. ಅದೂ ಯಾವ ಊರಿನಲ್ಲಿ? ಗಾರೆಯಿಲ್ಲದೆ ಕಲ್ಲು ಜೋಡಿಸಿದ ಗೋಡೆಗಳನ್ನು ತೋರಿಸಿ ಟಿಕೆಟ್ ಕೊಡುವ ಊರಿನಲ್ಲಿ. ನೆಂಟರು ಬಂದಾಗಲೆಲ್ಲ ಕೋಟೆಗೆ ಕರೆದುಕೊಂಡು ಹೋಗಿ ಓಬವ್ವನ ಕಿಂಡಿ ತೋರಿಸಿ ಬರುತ್ತಿದ್ದೆ. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ ತಂಗಿ ಹೊಂಡಕ್ಕೆ ಇಳಿಯುತ್ತದೆ ಎಂದು ನಾನೇ ಅವರಿಗೆ ವಿವರಿಸಿದ್ದೇನೆ. ಅಲ್ಲಿ ನೀರಿಗೆ ದಾರಿ ಬಿಟ್ಟವರ ಬುದ್ಧಿಯನ್ನು ಹೊಗಳಿ, ಮನೆಗೆ ಬಂದು ದಾರಿ ಮುಚ್ಚಿಸಿದೆ.

ಕಾಂಕ್ರೀಟ್ ಬೇಡವೆಂದು ನಾನು ಹೇಳುತ್ತಿಲ್ಲ. ಗೋಡೆ ಎಂಟು ಹತ್ತು ಅಡಿ ಏರಬೇಕಿದ್ದರೆ, ಮೇಲೆ ಮನೆಯೋ ರಸ್ತೆಯೋ ಇದ್ದರೆ, ಎಂಜಿನಿಯರನ್ನು ಕೇಳದೆ ಮುಟ್ಟಬೇಡಿ. ಆದರೆ ಆ ಗೋಡೆಗೂ ತೂತು ಬೇಕೇ ಬೇಕು. ತಮ್ಮನಿಗೆ ಇದನ್ನು ಹೇಳಿದಾಗ, "ನೀನು ಯಾವಾಗ ಎಂಜಿನಿಯರ್ ಆದೆ?" ಎಂದ.

ಮೊನ್ನೆ ಭರಣಿ ಮಳೆ ಜೋರಾಗಿ ಹೊಡೆಯಿತು. ಕರೆಂಟ್ ಹೋದ ಕೂಡಲೇ ಮೊಬೈಲ್ ಬೆಳಕು ಹಿಡಿದು, ಕೊಡೆ ಹಿಡಿದು ಹಿತ್ತಿಲಿಗೆ ಓಡಿದೆ. ಏಳು ಪೈಪುಗಳಲ್ಲಿ ಆರು ಸುರಿಯುತ್ತಿದ್ದವು, ಮೊದಲು ಕೆಂಪಗೆ, ಅರ್ಧ ಗಂಟೆಯ ನಂತರ ತಿಳಿಯಾಗಿ. ಏಳನೆಯದು ಒಣಗಿಕೊಂಡೇ ಇತ್ತು. ರಾತ್ರಿಯೇ ಮೇಸ್ತ್ರಿಗೆ ಫೋನ್ ಮಾಡಿದೆ. ಸೀತಾಫಲದ ಮರ ಯಾವ ನೇರಕ್ಕಿದೆ ಎಂದು ಕೇಳಿದರು. ಏಳನೆಯದರ ನೇರಕ್ಕೇ ಇದೆ ಎಂದೆ. "ಬೇರು ಇರಬೇಕು. ಭಾನುವಾರ ಬರುತ್ತೇನೆ, ಅಷ್ಟರಲ್ಲಿ ನೀವು ಅದಕ್ಕೆ ಏನನ್ನೂ ತುರುಕಬೇಡಿ" ಎಂದು ಫೋನ್ ಇಟ್ಟರು.