ಅಕ್ಕನ ಬೆರಳನ್ನು ಯಾರೂ ಮುಟ್ಟಿ ನೋಡಲಿಲ್ಲ

ಇವತ್ತು ಬೆಳಿಗ್ಗೆ ಅಕ್ಕ ಬಾವಿಯ ತಣ್ಣೀರಲ್ಲಿ ಅಕ್ಕಿ ತೊಳೆದಳು. ಮುಖ ಕಿವುಚಲಿಲ್ಲ. ನೋಡಿ ನನಗೆ ಅಳು ಬಂತು, ಹಿಂದೆಯೇ ಸಿಟ್ಟೂ ಬಂತು.

ಆರು ವರ್ಷ ಕಣ್ರೀ! ಬಲಗೈ ಉಂಗುರಬೆರಳಿನ ಉಗುರಡಿ ನೋವು. ನಮ್ಮ ತೀರ್ಥಹಳ್ಳಿ ಕಡೆಯ ಮಳೆಗಾಲ, ಮಾಗಿ ಚಳಿ ಬಂತೆಂದರೆ ಜಾಸ್ತಿ. ಅಡಿಕೆ ಸುಲಿಯುವಾಗ ಚೂರು ತಾಗಿದರೂ ಕೂಗಿಕೊಳ್ಳುತ್ತಿದ್ದಳು. ಉಗುರುಸುತ್ತು ಅಂತ ನಿಂಬೆಹಣ್ಣು ಸಿಕ್ಕಿಸಿದೆವು. ವಾತ ಅಂತ ಎಣ್ಣೆ ಹಚ್ಚಿದೆವು. ಶಿವಮೊಗ್ಗದಲ್ಲಿ ಮೂರು ಕಡೆ ತೋರಿಸಿದೆವು. ಎಕ್ಸ್‌ರೇ ನೋಡಿ ಎಲ್ಲರೂ ‘ಏನೂ ಇಲ್ಲ’ ಅಂದರು. ಒಬ್ಬರು ‘ಮನಸ್ಸಿಗೆ ಹಚ್ಚಿಕೊಂಡಿದ್ದೀರಿ’ ಅಂತ ನಿದ್ದೆ ಮಾತ್ರೆ ಬರೆದರು. ಬೆರಳನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಕೊನೆಗೆ ಕೈ ಸರ್ಜರಿ ಮಾಡುವ ಡಾಕ್ಟರೊಬ್ಬರು ಮುಟ್ಟಿದರು. ಗುಂಡುಪಿನ್ನಿನ ತಲೆಯಿಂದ ಉಗುರಿನ ಮೇಲೆ ಅಲ್ಲಲ್ಲಿ ಒತ್ತಿದರು. ಒಂದೇ ಒಂದು ಕಡೆ ಅಕ್ಕ ಚೀರಿದಳು. ರಟ್ಟೆಗೆ ಬಿಪಿ ಪಟ್ಟಿ ಕಟ್ಟಿ, ಕೈಗೆ ರಕ್ತ ಹರಿಯದಂತೆ ಗಾಳಿ ತುಂಬಿ, ಅದೇ ಜಾಗ ಮತ್ತೆ ಒತ್ತಿದರು. ನೋವಿಲ್ಲ! ‘ಗ್ಲೋಮಸ್ ಗಡ್ಡೆ ಇರಬೇಕಮ್ಮ’ ಅಂದರು. ಎಂಆರ್‌ಐನಲ್ಲಿ ಕೆಲವೇ ಮಿಲಿಮೀಟರಿನ ಗಡ್ಡೆ ಕಂಡಿತು.

ಚಳಿ, ಸೆಕೆಗೆ ತಕ್ಕಂತೆ ಚರ್ಮದ ರಕ್ತದ ಹರಿವನ್ನು ಹೆಚ್ಚುಕಡಿಮೆ ಮಾಡುವ ಸಣ್ಣ ಗ್ಲೋಮಸ್ ಗಂಟುಗಳು ಬೆರಳ ತುದಿಯಲ್ಲಿ ಜಾಸ್ತಿ ಇರುತ್ತವೆ. ಈ ಗಡ್ಡೆ ಅದರಿಂದಲೇ ಬೆಳೆಯುವುದು. ಬಹುಪಾಲು ಕ್ಯಾನ್ಸರ್ ಅಲ್ಲ. ತಣ್ಣೀರಿಗೆ ಜೀವ ಹೋಗುವಷ್ಟು ನೋವು, ಒಂದೇ ಚುಕ್ಕೆಯಲ್ಲಿ ನೋವು, ಮುಟ್ಟಿದರೆ ನೋವು. ಅಕ್ಕ ಆರು ವರ್ಷ ಹೇಳಿದ್ದೂ ಇದನ್ನೇ ಅಲ್ವಾ?

‘ಅಪರೂಪದ ಕಾಯಿಲೆ, ಡಾಕ್ಟರಿಗೆ ಹೊರಗೆ ನೂರು ಜನ ಕಾಯ್ತಿರ್ತಾರೆ’ ಅಂತ ಭಾವ ಸಮಾಧಾನ ಹೇಳಿದರು. ಇರಬಹುದು. ಆದರೆ ಇದು ನಿನ್ನೆ ಮೊನ್ನೆ ಕಂಡುಹಿಡಿದ ಕಾಯಿಲೆ ಅಲ್ಲ. ಈ ಗಡ್ಡೆ ಎಲ್ಲಿಂದ ಹುಟ್ಟುತ್ತದೆ ಅಂತ 1924ರಲ್ಲೇ ಫ್ರಾನ್ಸಿನ ವೈದ್ಯ ಪಿಯೆರ್ ಮ್ಯಾಸನ್ ತೋರಿಸಿದ್ದರು. ಒಂದು ಪಿನ್ನು, ಒಂದು ಬಿಪಿ ಪಟ್ಟಿ. ಎರಡೂ ಆ ಮೂವರ ಮೇಜಿನ ಮೇಲೆ ಇರಲಿಲ್ವಾ? ಎಕ್ಸ್‌ರೇ ಹಾಳೆ ನೋಡಿದ ಕಣ್ಣು ಬೆರಳನ್ನೂ ನೋಡಬೇಕಿತ್ತು.

ನಾನೂ ಒಮ್ಮೆ, ಅಡಿಕೆ ಸುಲಿಯುವ ದಿನ, ‘ಸುಮ್ನೆ ನಾಟಕ ಮಾಡ್ಬೇಡ ಅಕ್ಕಾ’ ಅಂದಿದ್ದೆ. ಅವಳು ಏನೂ ಹೇಳದೆ ಎದ್ದು ಒಳಗೆ ಹೋಗಿದ್ದಳು. ಅದು ನನ್ನನ್ನು ಇನ್ನೂ ಸುಡುತ್ತಿದೆ.

ಬೆರಳಿಗಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಉಗುರು ಎತ್ತಿ, ಗಡ್ಡೆಯನ್ನು ಪೂರ್ತಿ ತೆಗೆದರು. ಚೂರು ಉಳಿದರೂ ಮತ್ತೆ ಬೆಳೆಯಬಹುದಂತೆ. ಲ್ಯಾಬಿನವರೂ ಗ್ಲೋಮಸ್ ಅಂತಲೇ ಬರೆದರು. ಮೂರು ತಿಂಗಳಾಯಿತು, ಉಗುರು ಅರ್ಧ ಬಂದಿದೆ. ನಿಮ್ಮ ಮನೆಯಲ್ಲಿ ಯಾರಾದರೂ ತಣ್ಣೀರಿಗೆ ಕೈ ಹಾಕಲು ಹೆದರುತ್ತಿದ್ದರೆ, ಉಗುರಡಿ ನೀಲಿ ಚುಕ್ಕೆ ಕಂಡರೆ, ದಯವಿಟ್ಟು ಕೈ ಸರ್ಜರಿ ಡಾಕ್ಟರಿಗೆ ತೋರಿಸಿ. ‘ಬೆರಳು ಮುಟ್ಟಿ ನೋಡಿ ಡಾಕ್ಟ್ರೇ’ ಅಂತ ಬಾಯಿಬಿಟ್ಟು ಕೇಳಿ.