ಸ್ಪಷ್ಟನೆ: ಪಿಯಾನೊ ಕೇಳಿದರೆ ಐಕ್ಯೂ ಏರುತ್ತದೆಯೇ?

‘ಮೊಜಾರ್ಟ್‌ನ ಪಿಯಾನೊ ಕೇಳಿಸಿದರೆ ಮಗುವಿನ ಐಕ್ಯೂ 9 ಅಂಕ ಶಾಶ್ವತವಾಗಿ ಏರುತ್ತದೆ’ ಎಂಬ ವಾಟ್ಸ್‌ಆ್ಯಪ್ ಸಂದೇಶ ತಪ್ಪು. ಅದರ ಮೂಲ 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಪ್ರಯೋಗ. ಅದರಲ್ಲಿದ್ದವರು ಮಕ್ಕಳಲ್ಲ, 36 ಕಾಲೇಜು ವಿದ್ಯಾರ್ಥಿಗಳು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ರಚನಕಾರ ಮೊಜಾರ್ಟ್‌ನ, ಎರಡು ಪಿಯಾನೊಗಳ ಸೊನಾಟಾವೊಂದನ್ನು (ವಾದ್ಯಸಂಗೀತದ ಕೃತಿ) 10 ನಿಮಿಷ ಕೇಳಿದ ಮೇಲೆ, ಮಡಚಿ ಕತ್ತರಿಸಿದ ಕಾಗದ ಬಿಚ್ಚಿದಾಗ ಹೇಗಿರುತ್ತದೆಂದು ಊಹಿಸುವಂಥ ಪರೀಕ್ಷೆಗಳಲ್ಲಷ್ಟೇ ಅಂಕ ಹೆಚ್ಚಿತು. 10–15 ನಿಮಿಷಕ್ಕೆ ಆ ಪರಿಣಾಮವೂ ಇಳಿಯಿತು.

ಸಂಗೀತ ಕಲಿಯುವ ಮಾತೇ ಬೇರೆ. 2004ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನದಲ್ಲಿ 36 ವಾರ ಕೀಬೋರ್ಡ್ ಅಥವಾ ಗಾಯನ ಕಲಿತ ಆರು ವರ್ಷದ ಮಕ್ಕಳ ಐಕ್ಯೂ, ಸಂಗೀತ ಕಲಿಯದವರಿಗಿಂತ ಸರಾಸರಿ 3 ಅಂಕದಷ್ಟು ಹೆಚ್ಚು ಏರಿತು. ದೊಡ್ಡ ಅಂತರವೇನಲ್ಲ. ಪಿಯಾನೊದಿಂದ ಖಚಿತವಾಗಿ ಸಿಗುವುದು ಎರಡು ಕೈಗಳಲ್ಲಿ ಬೇರೆ ಬೇರೆ ಲಯ ನುಡಿಸುವ, ಎರಡು ಸಾಲಿನ ಸ್ವರಲಿಪಿಯನ್ನು ಒಟ್ಟಿಗೆ ಓದುವ ರೂಢಿ. ಅದೂ ಒಂದೊಂದೇ ಕೈಯಲ್ಲಿ ನಿಧಾನವಾಗಿ ಅಭ್ಯಾಸ ಮಾಡಿದರೆ.

ದಯವಿಟ್ಟು ಆ ಸಂದೇಶವನ್ನು ಇನ್ನು ಫಾರ್ವರ್ಡ್ ಮಾಡಬೇಡಿ.