ಓಪನ್ನೋ ಕ್ಲೋಸೋ

1989ರಲ್ಲಿ ಧಾರವಾಡದ ಮಿತ್ರರೊಬ್ಬರೊಡನೆ ನಾನು ಅಂಚೆಯಲ್ಲಿ ಚದುರಂಗ ಆಡುತ್ತಿದ್ದೆ. 15 ಪೈಸೆಯ ಕಾರ್ಡಿಗೆ ಒಂದು ನಡೆ. ಅಂಚೆ ಆಟಕ್ಕೆ ಭಾಷೆಯ ತೊಡಕಿರಬಾರದೆಂದು ನಡೆಗಳನ್ನು ಅಂಕಿಗಳಲ್ಲೇ ಬರೆಯುವ ಅಂತರರಾಷ್ಟ್ರೀಯ ಪದ್ಧತಿಯಿದೆ. ರಾಜನ ಮುಂದಿನ ಕಾಲಾಳು ಎರಡು ಮನೆ ನಡೆದರೆ 5254, ಅಂದರೆ ಐದನೆಯ ಸಾಲಿನ ಎರಡನೆಯ ಮನೆಯಿಂದ ಅದೇ ಸಾಲಿನ ನಾಲ್ಕನೆಯ ಮನೆಗೆ. ಇಬ್ಬರು ಕನ್ನಡಿಗರಿಗೆ ಇದರ ಅಗತ್ಯವೇನೂ ಇರಲಿಲ್ಲವಾದರೂ ಕಾರ್ಡಿಗೊಂದು ಘನತೆ ಬರುತ್ತಿತ್ತು.

ಪೆಟ್ಟಿಗೆಯವರೆಗೆ ನಡೆಯಲು ಸೋಮಾರಿಯಾದ ನಾನು ಕಾರ್ಡನ್ನು ಅಂಚೆಯಣ್ಣನ ಕೈಗೇ ಕೊಡುತ್ತಿದ್ದೆ. ಎರಡನೆಯ ಕಾರ್ಡನ್ನು ಓದಿ ಆತ ದನಿ ತಗ್ಗಿಸಿ, "ಮೇಷ್ಟ್ರೇ, ಇದು ಓಪನ್ನೋ ಕ್ಲೋಸೋ?" ಎಂದ. ಅಂಕಿಗಳ ಮೇಲೆ ಹಣ ಕಟ್ಟುವ ಮಟಕಾ ಜೂಜಿನಲ್ಲಿ ಮೊದಲ ಅಂಕಿಗೆ ಓಪನ್, ಎರಡನೆಯದಕ್ಕೆ ಕ್ಲೋಸ್ ಎನ್ನುವ ಪರಿಭಾಷೆ ತಿಳಿಯದ ನಾನು, "ಈಗಿನ್ನೂ ಓಪನಿಂಗ್ ಅಷ್ಟೇ" ಎಂದುಬಿಟ್ಟೆ.

ನಾನು ಆರಿಸಿಕೊಂಡಿದ್ದ ಆರಂಭ ಸ್ಕಾಚ್ ಗೇಮ್. 1824ರಿಂದ 1828ರವರೆಗೆ ಲಂಡನ್ ಮತ್ತು ಸ್ಕಾಟ್ಲೆಂಡಿನ ಎಡಿನ್‌ಬರೋ ಕ್ಲಬ್ಬುಗಳು ಪತ್ರದಲ್ಲೇ ಆಡಿದ ಪಂದ್ಯದಿಂದ ಅದಕ್ಕೆ ಆ ಹೆಸರು ಬಂದದ್ದರಿಂದ, ಅಂಚೆ ಆಟಕ್ಕೆ ಇದಕ್ಕಿಂತ ಕುಲೀನವಾದದ್ದು ಮತ್ತೊಂದಿಲ್ಲವೆಂದು ಮೊದಲ ಕಾರ್ಡಿನಲ್ಲೇ ಕೊಚ್ಚಿಕೊಂಡಿದ್ದೆ. ಕಾಲಾಳು, ಕುದುರೆ ಮುಗಿದು ಮೂರನೆಯ ನಡೆಯಾಗಿ ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ನುಗ್ಗಿಸಬೇಕು: 4244. ಆದರೆ ಅಂದು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಯಾವನೋ ಹುಡುಗನಿಗೆ ಆಗಷ್ಟೇ 43 ಅಂಕ ಕೊಟ್ಟಿದ್ದ ಕೈ, ಕಾರ್ಡಿನ ಮೇಲೂ 4243 ಎಂದು ಬರೆಯಿತು. ಕಾಲಾಳು ಒಂದೇ ಮನೆ ಸರಿದು, ಹೊಸ ಸೊಸೆಯಂತೆ ಬಾಗಿಲ ಮರೆಯಲ್ಲಿ ನಿಂತಿತು. ನಿಯಮಕ್ಕೆ ಒಪ್ಪುವ ನಡೆಯನ್ನು ಒಮ್ಮೆ ಕಳಿಸಿದ ಮೇಲೆ ಹಿಂದೆಗೆದುಕೊಳ್ಳುವಂತಿಲ್ಲ.

ಒಂಬತ್ತು ದಿನಗಳ ನಂತರ ಉತ್ತರ ಬಂತು. ತಮ್ಮ ನಡೆಯ ಕೆಳಗೆ ಮಿತ್ರರು, "ಸ್ಕಾಟ್ಲೆಂಡಿಗೆ ಹೊರಟವರು ಅರಸೀಕೆರೆಯಲ್ಲೇ ಇಳಿದಿರೇಕೆ?" ಎಂದು ವಿಚಾರಿಸಿದ್ದರು. ನಾನು ಹಣೆ ಚಚ್ಚಿಕೊಂಡು, "ಅಯ್ಯೋ, ನಲವತ್ತನಾಲ್ಕು ಬರೆಯಬೇಕಿತ್ತು!" ಎಂದೆ.

ಬಾಗಿಲಲ್ಲಿದ್ದ ಅಂಚೆಯಣ್ಣನ ಮುಖ ಕಪ್ಪಿಟ್ಟಿತು. "ಅವತ್ತು ಬಂದದ್ದೂ ಅದೇ ನಂಬರು, ಮೇಷ್ಟ್ರೇ. ನಿಮ್ಮನ್ನು ನಂಬಿ ನಲವತ್ತಮೂರಕ್ಕೆ ಐವತ್ತು ರೂಪಾಯಿ ಕಟ್ಟಿದ್ದೆ" ಎಂದವನೇ ಸೈಕಲ್ ಹತ್ತಿದ.

ಮಿತ್ರರ ಮುಂದಿನ ಕಾರ್ಡು ನನ್ನ ಕೈ ಸೇರಲು ಇಪ್ಪತ್ತಾರು ದಿನ ಹಿಡಿಯಿತು.